ಜಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ

ಕಬಕದಿಂದ ಸಂಪಾಜೆಯ ತನಕ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋಗುವವರಿಗೆ ಒಂದು ನೋಟ ಹೊಸತಲ್ಲ. ರಸ್ತೆ ಬದಿಯಲ್ಲಿ ಶೀಟು ಹಾಕಿದ ಮಾಡು. ಅದರ ಕೆಳಗೆ ಮೂತಿ ಎತ್ತಿ ನಿಂತ ಒಂದು ಪಿಕಪ್ಪು, ಇಲ್ಲವೇ ಹಳೆಯ ಜೀಪು. ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು, ಪಕ್ಕದಲ್ಲಿ ಕಳಚಿಟ್ಟ ಒಂದು ಜೊತೆ ಚಪ್ಪಲಿ. ಬಸ್ಸು ಮುಂದೆ ಹೋಗುತ್ತದೆ, ನೋಡಿದವರು ಮರೆಯುತ್ತಾರೆ. ಆ ಕಾಲಿನವನ ಎದೆಯ ಮೇಲೆ ತೂಗಿಕೊಂಡಿರುವ ಭಾರ ಎಷ್ಟು, ಅದನ್ನು ಹಿಡಿದು ನಿಲ್ಲಿಸಿದ ವಸ್ತು ಯಾವುದು ಎಂದು ಕೇಳುವವರಿಲ್ಲ.

ಕೇಳಬೇಕಾಗಿದೆ. ಯಾಕೆಂದರೆ ಬಹಳ ಕಡೆ ಅದನ್ನು ಹಿಡಿದು ನಿಂತಿರುವುದು ಒಂದು ಜಾಕ್, ಒಂದು ಮುರಕಲ್ಲು ಮತ್ತು "ಎಂತ ಆಗ್ತದೆ ಮಾರಾಯ" ಎಂಬ ಒಂದು ಮಾತು.

ಗ್ಯಾರೇಜು ಎಂದರೆ ಪೇಟೆಯಲ್ಲಿ ಬೋರ್ಡು ಹಾಕಿಕೊಂಡದ್ದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮನೆಯ ಅಂಗಳವೇ ಅರ್ಧ ಗ್ಯಾರೇಜು. ತೋಟದ ಮನೆಯಿಂದ ಡಾಮರು ರಸ್ತೆಗೆ ಬರಬೇಕಾದರೆ ಒಂದೋ ಎರಡೋ ಕಿಲೋಮೀಟರು ಮಣ್ಣಿನ ಏರು ತಗ್ಗು. ಅಂಥ ದಾರಿಯಲ್ಲಿ ಓಡುವ ಗಾಡಿಯ ಪ್ಲೇಟು ಮುರಿಯುತ್ತದೆ, ಸೈಲೆನ್ಸರು ಕಳಚುತ್ತದೆ, ಚೇಂಬರಿಗೆ ಕಲ್ಲು ಬಡಿಯುತ್ತದೆ. ಪೇಟೆಗೆ ಒಯ್ಯುವ ಖರ್ಚು, ಹೊತ್ತು ಎರಡೂ ಉಳಿಯಲಿ ಎಂದು ಭಾನುವಾರ ಮನೆಯಲ್ಲಿಯೇ ಜಾಕ್ ಕೊಟ್ಟು ಅಡಿಗೆ ನುಗ್ಗುವವರು ಎಷ್ಟೋ ಮಂದಿ. ಅಡಿಕೆ ಬೆಳೆಗಾರ, ಅಂಗಡಿಯವರು, ರಿಕ್ಷಾದವರು, ಕಾಲೇಜಿಗೆ ಹೋಗುವ ಹುಡುಗರು, ಯಾರೂ ಇದಕ್ಕೆ ಹೊರತಲ್ಲ. ಇನ್ನು ಕೆಲವರು ಮನೆ ಬದಿಯಲ್ಲೇ ಶೆಡ್ಡು ಕಟ್ಟಿ, ಕೈಗೆ ಒಬ್ಬ ಹುಡುಗನನ್ನು ಇಟ್ಟುಕೊಂಡು ಊರಿನ ನಾಲ್ಕು ಗಾಡಿ ನೋಡಿಕೊಳ್ಳುತ್ತಾರೆ. ಪೇಟೆಗೆ ಹೋಗದೆ ಗಾಡಿ ಸರಿಯಾದರೆ ಊರಿಗೆ ಅನುಕೂಲವೇ. ಆದರೆ ಆ ಅನುಕೂಲದ ಅಡಿಯಲ್ಲಿ ಮಲಗಿರುವವನು ಒಬ್ಬ ಮನುಷ್ಯ.

ಹದಿನೈದು ಮೂಟೆ ಅಕ್ಕಿ

ಅಂಗಡಿಯವರಿಗೆ ತೂಕದ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಒಂದು ಬೊಲೆರೊ ಜೀಪಿನ ತೂಕ ಖಾಲಿ ಇರುವಾಗಲೇ ಒಂದೂವರೆ ಟನ್ನು ದಾಟುತ್ತದೆ. ಮುಂದಿನ ಎರಡು ಚಕ್ರ ಎತ್ತಿದರೆ ಜಾಕಿನ ಮೇಲೆ ಕೂರುವುದು ಅದರ ಅರ್ಧ ಎಂದು ಇಟ್ಟುಕೊಂಡರೂ 750 ಕಿಲೋ. 50 ಕಿಲೋದ ಅಕ್ಕಿ ಮೂಟೆ ಹದಿನೈದು. ಹಳೆಯ ಮಾರುತಿ 800 ಹಗುರ ಎಂದು ಹೆಸರಾದ ಕಾರು. ಅದರ ಒಂದು ತುದಿ ಕೂಡಾ ಆರು ಮೂಟೆಗೆ ಕಡಿಮೆಯಾಗದು.

ಮನುಷ್ಯನಿಗೆ ಉಸಿರಾಡಬೇಕಾದರೆ ಎದೆ ಉಬ್ಬಬೇಕು. ಎದೆಯ ಮೇಲೆ ಮೂರು ನಾಲ್ಕು ಮೂಟೆ ಬಿದ್ದು ಅಲ್ಲೇ ಕೂತರೆ ಎದೆ ಉಬ್ಬುವುದಿಲ್ಲ. ಎಲುಬು ಮುರಿಯದಿದ್ದರೂ, ಒಂದು ತೊಟ್ಟು ರಕ್ತ ಹೊರಗೆ ಬಾರದಿದ್ದರೂ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೂಗಲಿಕ್ಕೂ ಉಸಿರು ಬೇಕಲ್ಲ? ಹಾಗಾಗಿ ಅಡಿಗೆ ಸಿಕ್ಕಿದವನು ಕೂಗುವುದೂ ಇಲ್ಲ. ಮನೆಯವರು ಊಟಕ್ಕೆ ಕರೆಯಲು ಬಂದಾಗಲೇ ವಿಷಯ ತಿಳಿಯುವುದು.

ಈ ಭಾರವನ್ನು ಜಾಕ್ ಹೇಗೆ ಹಿಡಿಯುತ್ತದೆ ಎಂಬುದನ್ನು ಒಮ್ಮೆ ಯೋಚಿಸಬೇಕು. ಎಣ್ಣೆ ಜಾಕಿನೊಳಗೆ ಇರುವುದು ಒಂದಿಷ್ಟು ಎಣ್ಣೆ, ಒಂದು ರಬ್ಬರು ಸೀಲು, ಎಣ್ಣೆ ಹಿಂದೆ ಬಾರದಂತೆ ತಡೆಯುವ ಒಂದು ಸಣ್ಣ ವಾಲ್ವು. ಸೀಲು ಸವೆದರೆ, ವಾಲ್ವಿನಲ್ಲಿ ಒಂದು ಕಣ ಕಸ ಸಿಕ್ಕಿದರೆ ಎಣ್ಣೆ ಹಿಂದೆ ಸರಿಯುತ್ತದೆ, ಗಾಡಿ ಕೆಳಗೆ ಬರುತ್ತದೆ. ಕೆಲವೊಮ್ಮೆ ನಿಧಾನ, ಕೆಲವೊಮ್ಮೆ ಒಮ್ಮೆಲೇ. ಕಾರಿನ ಡಿಕ್ಕಿಯಲ್ಲಿ ಕಂಪೆನಿಯವರು ಇಟ್ಟು ಕೊಡುವ ತಿರುಪಿನ ಜಾಕಿಗೆ ಎಣ್ಣೆ ಇಲ್ಲ, ನಿಜ. ಆದರೆ ಅದರ ಬುಡ ಅಂಗೈಯಗಲ. ಗಾಡಿ ನಾಲ್ಕು ಬೆರಳು ಅತ್ತಿತ್ತ ಸರಿದರೆ ಅದು ಮಗುಚಿ ಬೀಳುತ್ತದೆ. ಆ ಜಾಕ್ ಇರುವುದು ಪಂಕ್ಚರಾದ ಚಕ್ರ ಬದಲಿಸಲಿಕ್ಕೆ ಮಾತ್ರ. ಚಕ್ರ ಬದಲಿಸುವವನು ಪಕ್ಕದಲ್ಲಿ ಕೂತಿರುತ್ತಾನೆ, ಅಡಿಯಲ್ಲಿ ಮಲಗಿರುವುದಿಲ್ಲ.

ಎಂದ ಮೇಲೆ ಜಾಕಿನ ಕೆಲಸ ಎತ್ತುವುದು. ಹೊರುವ ಕೆಲಸ ಬೇರೆಯೇ ಒಂದು ವಸ್ತುವಿನದ್ದು. ಅದಕ್ಕೆ ಸ್ಟಾಂಡು ಎನ್ನುತ್ತಾರೆ. ಮೂರೋ ನಾಲ್ಕೋ ಕಾಲಿನ ಕಬ್ಬಿಣದ ಕುರ್ಚಿಯಂಥದ್ದು, ಎತ್ತರ ಹೆಚ್ಚು ಕಡಿಮೆ ಮಾಡಲಿಕ್ಕೆ ಹಲ್ಲು ಅಥವಾ ಪಿನ್ನು ಇರುತ್ತದೆ. ಅದರಲ್ಲಿ ಸೋರುವ ಎಣ್ಣೆ ಇಲ್ಲ, ಸವೆಯುವ ಸೀಲು ಇಲ್ಲ. ಜಾಕಿನಿಂದ ಎತ್ತಿ, ಸ್ಟಾಂಡಿನ ಮೇಲೆ ಇಳಿಸಿ, ಆಮೇಲೆ ಅಡಿಗೆ ಹೋಗುವುದು ಕ್ರಮ. ಪಿಕಪ್ಪಿನ ಒಂದು ಹೊಸ ಟಯರಿನ ಹಣಕ್ಕೆ ಒಂದು ಜೊತೆ ಸ್ಟಾಂಡು ಬರುತ್ತದೆ, ಚಿಲ್ಲರೆಯೂ ಉಳಿಯುತ್ತದೆ. ಆದರೂ ಎಷ್ಟು ಶೆಡ್ಡುಗಳಲ್ಲಿ ಅದು ಇದೆ ಎಂದು ಬಸ್ಸಿನವರು ನಾಳೆ ಕಿಟಕಿಯಿಂದಲೇ ನೋಡಿ ಹೇಳಬಹುದು.

ಮುರಕಲ್ಲಿನ ನಂಬಿಕೆ

ಸ್ಟಾಂಡಿಲ್ಲದ ಕಡೆ ಇಡುವುದು ಏನನ್ನು? ಇಲ್ಲೇ ನಮ್ಮ ಊರಿನ ವಿಶೇಷ ಇರುವುದು. ಅಂಗಳದಲ್ಲಿ ಬಿದ್ದಿರುವ ಮುರಕಲ್ಲು. ಮನೆ ಕಟ್ಟಿ ಉಳಿದ ಹಾಲೋ ಬ್ಲಾಕ್. ಇಲ್ಲದಿದ್ದರೆ ತೆಂಗಿನ ಮರದ ಒಂದು ಕುತ್ತಿ.

ಮುರಕಲ್ಲು ಒಳ್ಳೆಯ ಕಲ್ಲು. ಈ ಸೀಮೆಯ ಮನೆ, ಶಾಲೆ, ಪಾಗಾರ ಎಲ್ಲ ಅದರಲ್ಲೇ ನಿಂತಿವೆ. ಆದರೆ ಅದು ಮೆತ್ತಗಿನ ಕಲ್ಲು ಎಂಬ ಕಾರಣಕ್ಕೇ ಅದನ್ನು ಕತ್ತರಿಸಿ ಮನೆ ಕಟ್ಟಲಿಕ್ಕೆ ಆದದ್ದು. ಇನ್ನೂರು ವರ್ಷಗಳ ಹಿಂದೆ ಈ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನಲ್ಲಿ ಜನರು ಇದನ್ನು ಕಬ್ಬಿಣದ ಹತಾರಿನಿಂದ ಕತ್ತರಿಸುವುದನ್ನು ಕಂಡ. 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆಯ ಗುಣವೇ ಅದು. ಗೋಡೆಯಲ್ಲಿ ಸಾಲಾಗಿ ಇಟ್ಟು, ಎಲ್ಲ ಕಡೆ ಸಮನಾಗಿ ಭಾರ ಹಾಕಿದರೆ ಮಾಳಿಗೆಯನ್ನೇ ಹೊರುತ್ತದೆ. ಒಂದೇ ಕಲ್ಲನ್ನು ನಿಲ್ಲಿಸಿ, ಅದರ ಮೇಲೆ ಎಕ್ಸೆಲ್ಲಿನ ಒಂದು ಅಂಚು ಕೂರಿಸಿದರೆ ಭಾರವೆಲ್ಲ ಎರಡು ಬೆರಳಗಲದ ಜಾಗಕ್ಕೆ ಬೀಳುತ್ತದೆ. ಒಳಗೆ ಮೊದಲೇ ತೂತು ತೂತಾಗಿರುವ ಕಲ್ಲು. ಮಳೆಗಾಲದಲ್ಲಿ ನೀರು ಕುಡಿದಿದ್ದರೆ ಇನ್ನೂ ಮೆತ್ತಗೆ. ಎರಡು ಹೋಳಾಗುವಾಗ ಅದು ಮೊದಲೇ ಹೇಳಿ ಆಗುವುದಿಲ್ಲ.

ಹಾಲೋ ಬ್ಲಾಕಿನ ಕಥೆಯೂ ಅದೇ. ಒಳಗೆ ಟೊಳ್ಳು. ನಿಂತಿರುವ ತನಕ ಗಟ್ಟಿ, ಒಡೆಯುವಾಗ ಪುಡಿ. ಮರ ಬಗ್ಗುತ್ತದೆ, ಕಿರುಗುಟ್ಟುತ್ತದೆ, ಸ್ವಲ್ಪವಾದರೂ ಸೂಚನೆ ಕೊಡುತ್ತದೆ. ಹಾಗಾಗಿ ಏನೂ ಇಲ್ಲದ ಹೊತ್ತಿನಲ್ಲಿ ಗಟ್ಟಿ ಮರದ ಅಗಲದ ತುಂಡುಗಳನ್ನು ಅಡ್ಡ ಉದ್ದ ಅಟ್ಟಿ ಕಟ್ಟಿ ಇಟ್ಟರೆ ಅದು ಕಲ್ಲಿಗಿಂತ ಮೇಲು. ಆದರೆ ಉರುಟು ಕುತ್ತಿ ಖಂಡಿತ ಬೇಡ. ಉರುಟಾದದ್ದು ಉರುಳುತ್ತದೆ.

ಸ್ಟಾಂಡು ತಂದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದೂ ಅಲ್ಲ. ಅಮೆರಿಕದಲ್ಲಿ 2020ರಲ್ಲಿ ಹಾರ್ಬರ್ ಫ್ರೈಟ್ ಎಂಬ ಕಂಪೆನಿ ತಾನು ಮಾರಿದ ಲಕ್ಷಗಟ್ಟಲೆ ಸ್ಟಾಂಡುಗಳನ್ನು ವಾಪಸು ಕರೆಯಬೇಕಾಯಿತು. ಹಲ್ಲಿಗೆ ಕೊಕ್ಕೆ ಸರಿಯಾಗಿ ಕೂರದೆ, ಭಾರ ಇರುವಾಗಲೇ ಜಾರುವ ಅಪಾಯ ಕಂಡುಬಂದಿತ್ತು. ಬದಲಿಗೆ ಕೊಟ್ಟದ್ದರಲ್ಲಿ ಕೆಲವಕ್ಕೆ ವೆಲ್ಡಿಂಗು ಸರಿಯಿಲ್ಲವೆಂದು ಅದೇ ವರ್ಷ ಮತ್ತೊಮ್ಮೆ ಕರೆಯಬೇಕಾಯಿತು. ಕಾನೂನು, ಕೋರ್ಟು ಎಲ್ಲ ಬಿಗಿ ಇರುವ ದೇಶದಲ್ಲಿ ಹೀಗಾದರೆ, ಹೆಸರಿಲ್ಲದ ಸ್ಟಾಂಡನ್ನು ಚೌಕಾಶಿ ಮಾಡಿ ತರುವಾಗ ಅದರ ಮೇಲೆ ಎಷ್ಟು ಟನ್ನು ಎಂದು ಬರೆದಿದೆಯೇ, ವೆಲ್ಡಿಂಗಿನಲ್ಲಿ ಬಿರುಕು ಇದೆಯೇ, ಹಲ್ಲು ಪೂರ್ತಿ ಕೂರುತ್ತದೆಯೇ ಎಂದು ನೋಡುವುದು ಕೊಳ್ಳುವವನ ಕರ್ತವ್ಯ. ಪಿನ್ನು ಕಳೆದುಹೋದರೆ ಬೋಲ್ಟೋ ಮೊಳೆಯೋ ತುರುಕುವ ಬುದ್ಧಿವಂತಿಕೆ ಬೇಡ.

ಇಳಿಜಾರಿನ ಅಂಗಳ, ಹಿಡಿಯದ ಬ್ರೇಕು

ಸುಳ್ಯದ ಕಡೆ ಸಮತಟ್ಟಾದ ಅಂಗಳ ಇರುವ ಮನೆ ಹುಡುಕಬೇಕು. ಗುಡ್ಡೆ ಕಡಿದು ಮನೆ, ಇಳಿಜಾರಿನಲ್ಲಿ ದಾರಿ. ಇಳಿಜಾರಿನಲ್ಲಿ ನಿಂತ ಗಾಡಿ ಯಾವಾಗಲೂ ಕೆಳಗಿನ ಕಡೆಗೇ ನೋಡುತ್ತಿರುತ್ತದೆ. 2016ರಲ್ಲಿ ಆಂಟನ್ ಯೆಲ್ಚಿನ್ ಎಂಬ ಹಾಲಿವುಡ್ ನಟ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನ ದಾರಿಯಲ್ಲಿ ತನ್ನದೇ ಜೀಪು ಹಿಂದಕ್ಕೆ ಉರುಳಿ ಬಂದು ಗೇಟಿನ ಕಂಬಕ್ಕೆ ಒತ್ತಿಹಾಕಿದ್ದರಿಂದ ತೀರಿಹೋದ. ಅವನಿಗೆ 27 ವರ್ಷ. ಜಾಕ್ ಕೊಡದ ಗಾಡಿಯೇ ಹೀಗೆ ಮಾಡುವುದಾದರೆ, ಜಾಕಿನ ಮೇಲೆ ಕೂತದ್ದರ ಮಾತೇನು?

"ಹ್ಯಾಂಡ್ ಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ಇಟ್ಟಿದ್ದೇನೆ" ಎಂದು ಧೈರ್ಯ ಹೇಳುವವರು ಇದ್ದಾರೆ. ಇಲ್ಲಿ ಒಂದು ಸೂಕ್ಷ್ಮ ಉಂಟು. ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂದಿನ ಎರಡೂ ಚಕ್ರ ನೆಲ ಬಿಟ್ಟು ಮೇಲೆ ಹೋದರೆ ಆ ಬ್ರೇಕು ಗಾಳಿಯನ್ನು ಹಿಡಿದ ಹಾಗೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಜೀಪು, ಪಿಕಪ್ಪು, ಓಮ್ನಿಗಳಲ್ಲಿ ಗೇರಿನ ಹಿಡಿತವೂ ಹಿಂದಿನದ್ದೇ. ಇನ್ನೂ ಒಂದು. ಹಿಂದಿನ ಒಂದೇ ಚಕ್ರ ಎತ್ತಿದರೂ ಗೇರಿನ ಹಿಡಿತ ಹೋಗುತ್ತದೆ, ಯಾಕೆಂದರೆ ನಡುವಿನ ಡಿಫರೆನ್ಶಿಯಲ್ಲು ಮೇಲಿನ ಚಕ್ರವನ್ನು ತಿರುಗಲು ಬಿಟ್ಟು ನೆಲದ ಚಕ್ರವನ್ನು ಉರುಳಲು ಬಿಡುತ್ತದೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಇರುವುದೇ ಶಾಫ್ಟಿನ ಮೇಲೆ, ಹಾಗಾಗಿ ಅದರ ಗತಿಯೂ ಅದೇ. ಕಾರ್ಯಾಗಾರದ ಹಿರಿಯರಿಗೆ ಇದು ಹೊಸತಲ್ಲ. ಭಾನುವಾರದ ಮೆಕ್ಯಾನಿಕ್‌ಗಳಿಗೆ ಇದನ್ನು ಹೇಳಿಕೊಟ್ಟವರಿಲ್ಲ.

ಪರಿಹಾರ ದೊಡ್ಡದೇನಲ್ಲ. ಸಮತಟ್ಟಾದ ಗಟ್ಟಿ ನೆಲ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಅಡ್ಡ, ಅದೂ ಉರುಟು ಕಲ್ಲಲ್ಲ, ಓರೆಯಾಗಿ ಕಡಿದ ಮರದ ತುಂಡು. ಅಂಗಳ ಮಣ್ಣಿನದ್ದಾದರೆ ಜಾಕಿನ ಬುಡಕ್ಕೂ ಸ್ಟಾಂಡಿನ ಬುಡಕ್ಕೂ ದಪ್ಪದ ಅಗಲ ಹಲಗೆ. ಜೂನಿನಿಂದ ಸೆಪ್ಟೆಂಬರು ತನಕ ಈ ಸೀಮೆಯ ಮಣ್ಣು ಮಣ್ಣಲ್ಲ, ಕೆಸರು. ಬೆಳಿಗ್ಗೆ ನೆಟ್ಟಗೆ ನಿಂತ ಜಾಕ್ ಮಧ್ಯಾಹ್ನಕ್ಕೆ ಓರೆಯಾಗಿರುತ್ತದೆ.

ಸ್ಟಾಂಡು ಇಡುವುದು ಚಾಸಿಗೋ ಎಕ್ಸೆಲ್ಲಿಗೋ, ಕಂಪೆನಿಯವರು ಹೇಳಿದ ಗಟ್ಟಿ ಜಾಗಕ್ಕೆ. ತುಕ್ಕು ಹಿಡಿದ ತಗಡಿಗೂ ಇಂಜಿನ್ ಚೇಂಬರಿಗೂ ಅಲ್ಲ. ಎರಡೂ ಕಡೆ ಒಂದೇ ಎತ್ತರ. ಇಳಿಸಿದ ಮೇಲೆ ಹೊರಗಿನಿಂದಲೇ ಗಾಡಿಯನ್ನು ಎರಡೂ ಕೈಯಿಂದ ಚೆನ್ನಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಕಳಚಿದ ಚಕ್ರವನ್ನು ಗೋಡೆಗೆ ಒರಗಿಸುವ ಬದಲು ಚಾಸಿಯ ಅಡಿಗೆ ಮಲಗಿಸಿ ಹಾಕಿದರೆ ಖರ್ಚಿಲ್ಲದ ಇನ್ನೊಂದು ಕಾವಲು. ಸ್ಟಾಂಡು ಜಾರಿದರೂ ಚಕ್ರದ ದಪ್ಪದಷ್ಟು ಜಾಗ ಉಳಿಯುತ್ತದೆ. ಆ ಜಾಗವೇ ಜೀವ.

ಲಿಫ್ಟು ಬಂತು, ಗುಂಡಿ ಇತ್ತು

ಈಚೆಗೆ ಪೇಟೆಯ ಗ್ಯಾರೇಜುಗಳಿಗೆ ಎರಡು ಕಂಬದ ಹೈಡ್ರಾಲಿಕ್ ಲಿಫ್ಟು ಬಂದಿದೆ. ಗಾಡಿ ತಲೆಯ ಮೇಲೆ ಏರುತ್ತದೆ, ಕೆಲಸಗಾರ ನಿಂತುಕೊಂಡೇ ಕೆಲಸ ಮಾಡುತ್ತಾನೆ. ಬೆನ್ನಿಗೆ ಸುಖ, ಕೆಲಸಕ್ಕೆ ವೇಗ. ಇಂಥದ್ದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು ಮನೆ ಶೆಡ್ಡಿನಲ್ಲಿ ನಿಲ್ಲಿಸುವ ಆಸೆ ಪಡುವವರು ಮೊದಲು ನೆಲ ನೋಡಬೇಕು. ಎರಡು ಕಂಬದ ಲಿಫ್ಟಿನ ಪೂರ್ತಿ ಭಾರ ಹಿಡಿದಿರುವುದು ಕಾಂಕ್ರೀಟಿನೊಳಗೆ ಇಳಿಸಿದ ಬೋಲ್ಟುಗಳು. ಜಲ್ಲಿಯ ಮೇಲೆ ಎರಡಿಂಚು ಗಾರೆ ಎಳೆದ ನೆಲದಿಂದ ಆ ಬೋಲ್ಟು ಹಲ್ಲು ಕಿತ್ತ ಹಾಗೆ ಕಿತ್ತು ಬರುತ್ತದೆ. ಎಷ್ಟು ದಪ್ಪದ ಕಾಂಕ್ರೀಟು ಬೇಕು ಎಂದು ಲಿಫ್ಟು ಮಾಡಿದವರೇ ಬರೆದಿರುತ್ತಾರೆ. ಅದಕ್ಕೆ ಒಂದಿಂಚೂ ಕಡಿಮೆ ಮಾಡಬಾರದು.

ಲಿಫ್ಟಿಗೂ ಎತ್ತುವುದು ಬೇರೆ, ಹೊರುವುದು ಬೇರೆ. ಎತ್ತುವುದು ಎಣ್ಣೆ, ಹೊರುವುದು ಕಂಬದೊಳಗಿನ ಲಾಕು. ಬೇಕಾದ ಎತ್ತರಕ್ಕೆ ಏರಿಸಿ, ಮತ್ತೆ ಸ್ವಲ್ಪ ಇಳಿಸಿ, ಎರಡೂ ಕಂಬದಲ್ಲಿ ಲಾಕಿನ ಮೇಲೆ ಕೂರಿಸಿದ ಮೇಲೆಯೇ ಅಡಿಗೆ ಕಾಲಿಡಬೇಕು. "ಟಕ್" ಎಂದು ಒಂದು ಕಡೆ ಮಾತ್ರ ಕೇಳಿದರೆ ಸಾಲದು. ನಾಲ್ಕು ಕೈಗಳನ್ನು ಸರಿಯಾದ ಜಾಗಕ್ಕೆ ಕೊಟ್ಟು, ಒಂದಡಿ ಎತ್ತಿ, ಅಲುಗಿಸಿ ನೋಡಿ ಆಮೇಲೆ ಪೂರ್ತಿ ಏರಿಸುವುದು ಪದ್ಧತಿ. ಗೇರ್ ಬಾಕ್ಸೋ ಇಂಜಿನ್ನೋ ಇಳಿಸುವಾಗ ಒಂದು ಕಡೆಯ ತೂಕ ಹೋಗುತ್ತದೆ, ಇನ್ನೊಂದು ಕಡೆ ಭಾರವಾಗಿ ಗಾಡಿ ಮಗುಚಬಹುದು. ಆಗ ಭಾರವಾಗುವ ತುದಿಗೆ ಉದ್ದ ಕಾಲಿನ ಸ್ಟಾಂಡು ಕೊಡಲೇಬೇಕು. ನೀರು ಹೊಡೆದು ಗಾಡಿ ತೊಳೆಯುವ ಕಡೆ ಇರುವ ಒಂದೇ ಕಂಬದ ಲಿಫ್ಟಿಗೂ ಇದೇ ಮಾತು. ತೊಳೆಯುವ ಹುಡುಗ ಇಡೀ ದಿನ ಅದರ ಅಡಿಯಲ್ಲೇ ಇರುತ್ತಾನೆ.

ಗುಂಡಿ ತೋಡಿ ಅದರ ಮೇಲೆ ಗಾಡಿ ನಿಲ್ಲಿಸುವುದು ಹಳೆಯ ಕ್ರಮ. ಬಸ್ ಡಿಪೋಗಳಲ್ಲಿಯೂ ಗುಂಡಿ ಇರುತ್ತದೆ. ನಾಲ್ಕೂ ಚಕ್ರ ನೆಲದ ಮೇಲೆಯೇ ಇರುವುದರಿಂದ ಗಾಡಿ ಬೀಳುವ ಹೆದರಿಕೆ ಕಡಿಮೆ. ಆದರೆ ಗುಂಡಿಗೆ ಅದರದ್ದೇ ಭೂತಗಳಿವೆ. ಪೆಟ್ರೋಲಿನ ಆವಿಯೂ ರಿಕ್ಷಾದ ಎಲ್.ಪಿ.ಜಿ. ಗ್ಯಾಸೂ ಗಾಳಿಗಿಂತ ಭಾರ. ಸೋರಿದ್ದೆಲ್ಲ ಗುಂಡಿಯಲ್ಲಿ ಬಂದು ಕೂರುತ್ತದೆ. ಒಂದು ಬೀಡಿ, ಒಂದು ವೆಲ್ಡಿಂಗಿನ ಕಿಡಿ ಸಾಕು. ಮಳೆಗಾಲದಲ್ಲಿ ಒಸರು ನೀರು ನಿಂತ ಗುಂಡಿಗೆ ಮನೆ ಕರೆಂಟಿನ ಬಲ್ಬನ್ನು ವಯರು ಎಳೆದು ಇಳಿಸುವುದಂತೂ ಯಮನಿಗೆ ಕಾಗದ ಬರೆದ ಹಾಗೆ. ಬ್ಯಾಟರಿಯ ದೀಪ ಉಂಟಲ್ಲ? ಅದು ಸಾಕು.

ಇನ್ನು ಟಿಪ್ಪರು. ಕಲ್ಲು, ಮಣ್ಣು, ಜಲ್ಲಿ ಸಾಗಿಸುವ ಸಣ್ಣ ಟಿಪ್ಪರುಗಳು ಮೂರು ತಾಲೂಕಿನಲ್ಲೂ ತುಂಬಾ ಆಗಿವೆ. ಅದರ ಹಿಂದಿನ ಪೆಟ್ಟಿಗೆ ಎತ್ತಿ, ಕೆಳಗೆ ತಲೆ ಹಾಕಿ ಗ್ರೀಸು ಹೊಡೆಯುವವರು, ಪೈಪು ಬಿಚ್ಚುವವರು ಇದ್ದಾರೆ. ಪೆಟ್ಟಿಗೆಯನ್ನು ಎತ್ತಿ ಹಿಡಿದಿರುವುದೇ ಆ ಪೈಪಿನೊಳಗಿನ ಎಣ್ಣೆ. ಪೈಪು ಸಡಿಲಾದ ಗಳಿಗೆಯೇ ಪೆಟ್ಟಿಗೆ ಬೀಳುವ ಗಳಿಗೆ. ಅಡಿಗೆ ಗಟ್ಟಿ ಕಬ್ಬಿಣದ ಊರೆ ಕೊಡದೆ ತಲೆ ಹಾಕುವುದು ಅಡಿಕೆ ಕತ್ತರಿಯೊಳಗೆ ಬೆರಳಿಟ್ಟ ಹಾಗೆ.

ಅವಸರ ಯಾರದ್ದು?

ಇಷ್ಟೆಲ್ಲ ಹೇಳಿದ ಮೇಲೆ ತಪ್ಪೆಲ್ಲ ಮೆಕ್ಯಾನಿಕನದ್ದೇ ಎಂದು ತೀರ್ಮಾನಿಸಿ ಪೇಪರು ಮಡಚಬಾರದು. ಯಾವುದಾದರೂ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಕೇಳುವ ಮಾತು ಹೀಗಿರುತ್ತದೆ:

"ಅಣ್ಣ, ಈಗ ಒಮ್ಮೆ ನೋಡಿ ಕೊಡಿ. ಸಂಜೆ ಮದುವೆ ಮನೆಗೆ ಸಾಮಾನು ಬಿಡ್ಲಿಕ್ಕುಂಟು."

"ಗಾಡಿ ಮೇಲೆ ಹಾಕ್ಬೇಕು ಸಾಹುಕಾರ್ರೆ. ಎರಡು ಗಂಟೆ ಆಗ್ತದೆ."

"ಎರಡು ಗಂಟೆಯಾ? ಒಂದು ನಟ್ಟು ಬಿಗಿ ಮಾಡ್ಲಿಕ್ಕೆ? ಹುಡುಗನನ್ನು ಅಡಿಗೆ ಕಳ್ಸಿ, ಐದು ನಿಮಿಷದ ಕೆಲ್ಸ."

ಹುಡುಗ ಹೋಗುತ್ತಾನೆ. ಅವನಿಗೆ ಇಲ್ಲ ಎನ್ನಲು ಬಾಯಿಲ್ಲ. ಐದು ನಿಮಿಷದಲ್ಲಿ ಕೆಲಸ ಆಗುತ್ತದೆ, ಸಾಹುಕಾರರು ಚಾ ಕುಡಿಯಲು ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಹೋಗುತ್ತಾರೆ. ಹೀಗೆ ನೂರು ಸಲ ಆಗುತ್ತದೆ. ನೂರು ಸಲ ಏನೂ ಆಗಲಿಲ್ಲ ಎಂಬುದೇ ನೂರ ಒಂದನೆಯ ಸಲಕ್ಕೆ ಧೈರ್ಯ. "ಮೂವತ್ತು ವರ್ಷದಿಂದ ಮಾಡ್ತಾ ಇದ್ದೇವೆ, ಎಂತ ಆಗ್ಲಿಲ್ಲ" ಎನ್ನುವ ಮಾತು ಬದುಕಿ ಉಳಿದವರ ಬಾಯಲ್ಲಿ ಮಾತ್ರ ಬರಲು ಸಾಧ್ಯ. ಉಳಿಯದವರು ಬಂದು ತಮ್ಮ ಲೆಕ್ಕ ಹೇಳುವುದಿಲ್ಲ.

ಗ್ಯಾರೇಜಿನ ಮಾಲಕನೂ ದೊಡ್ಡ ಕುಳವೇನಲ್ಲ. ಶೆಡ್ಡಿನ ಬಾಡಿಗೆ, ಕರೆಂಟು ಬಿಲ್ಲು, ಸ್ಪೇರ್ ಪಾರ್ಟ್ಸ್ ಅಂಗಡಿಯ ಸಾಲ. ಎರಡು ಗಂಟೆ ಎಂದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಪಕ್ಕದವನೂ ಅದೇ ಹೆದರಿಕೆಯಲ್ಲಿ ಐದು ನಿಮಿಷ ಎನ್ನುತ್ತಾನೆ. ಈ ಪೈಪೋಟಿಯಲ್ಲಿ ಅಗ್ಗವಾಗುತ್ತಾ ಹೋಗುವುದು ಅಡಿಗೆ ಮಲಗಿದವನ ಪ್ರಾಣ.

ಸರಕಾರ ಏನು ಮಾಡುತ್ತದೆ ಎಂದು ಕೇಳಬಹುದು. 1948ರ ಕಾರ್ಖಾನೆ ಕಾಯ್ದೆ ಕರೆಂಟಿನಲ್ಲಿ ನಡೆಯುವ ಕಡೆ ಹತ್ತು ಜನ, ಇಲ್ಲದ ಕಡೆ ಇಪ್ಪತ್ತು ಜನ ಇದ್ದರೆ ಮಾತ್ರ ಒಳಗೆ ಬರುತ್ತಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಹೊಸ ಸುರಕ್ಷತಾ ಸಂಹಿತೆ ಕಾರ್ಖಾನೆಯ ಲೆಕ್ಕವನ್ನು ಇಪ್ಪತ್ತು ಮತ್ತು ನಲವತ್ತಕ್ಕೆ ಏರಿಸಿತು. ಮಾಲಕ, ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ ಇರುವ ಶೆಡ್ಡು ಆಗಲೂ ಹೊರಗೆ, ಈಗಲೂ ಹೊರಗೆ. ಇನ್‌ಸ್ಪೆಕ್ಟರು ಬಂದು ಸ್ಟಾಂಡು ಎಲ್ಲಿ ಎಂದು ಕೇಳುವ ದಿನಕ್ಕೆ ಕಾಯುವವರು ಕಾಯುತ್ತಲೇ ಇರಬೇಕು.

ಆದರೆ ಪರಿಹಾರದ ಕಾನೂನಿಗೆ ಆ ಹೊಸ್ತಿಲು ಇಲ್ಲ. ಮೋಟಾರು ವಾಹನ ರಿಪೇರಿಯ ಕೆಲಸಗಾರ 1923ರ ಕಾಯ್ದೆಯ ಪಟ್ಟಿಯಲ್ಲಿಯೇ ಇದ್ದ. ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕೆಲಸದಲ್ಲಿ ಸತ್ತವನ, ಕೈಕಾಲು ಕಳಕೊಂಡವನ ಪರಿಹಾರದ ಹೊಣೆ ಇಟ್ಟುಕೊಂಡ ಮಾಲಕನ ಮೇಲೆಯೇ ಇದೆ. ಒಬ್ಬನೇ ಹುಡುಗನಿದ್ದರೂ ಹೊಣೆ ಹೊಣೆಯೇ. ಇದು ಗೊತ್ತಿಲ್ಲದ ಮಾಲಕರಿದ್ದಾರೆ, ಗೊತ್ತಿಲ್ಲದ ತಾಯಂದಿರು ಅದಕ್ಕಿಂತ ಹೆಚ್ಚು ಇದ್ದಾರೆ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಡಬಾರದೆಂದು 2016ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. "ರಜೆಯಲ್ಲಿ ಕೆಲ್ಸ ಕಲೀಲಿ ಅಂತ ಬಿಟ್ಟದ್ದು" ಎಂಬ ನೆಪ ಅದಕ್ಕೆ ಉತ್ತರವಲ್ಲ.

ಆಗಿಯೇ ಹೋದರೆ

ಗಾಡಿ ಬಿದ್ದ ಸದ್ದು ಕೇಳಿ ಓಡಿ ಬಂದವರು ಮಾಡುವ ಮೊದಲ ತಪ್ಪು ಕಾಲು ಹಿಡಿದು ಎಳೆಯುವುದು. ಎಳೆಯಬಾರದು. ಇನ್ನೊಂದು ಜಾಕ್ ತಂದು ಗಾಡಿ ಎತ್ತಬೇಕು. ಎತ್ತಿದ ಹಾಗೆ ಹಾಗೆ ಅಡಿಗೆ ಮರದ ತುಂಡು, ಚಕ್ರ, ಸಿಕ್ಕಿದ ಗಟ್ಟಿ ವಸ್ತು ತುರುಕುತ್ತಾ ಹೋಗಬೇಕು, ಮತ್ತೊಮ್ಮೆ ಬಿದ್ದರೆ ಎತ್ತಿದವರೂ ಅಡಿಗೆ ಹೋದಾರು. ಜಾಕಿಲ್ಲದಿದ್ದರೆ ಹತ್ತು ಜನ ಸೇರಿ ಎತ್ತಬೇಕು. ನೆರೆಕರೆಯನ್ನು ಕೂಗಿ ಕರೆಯುವ ಕೆಲಸ ಒಬ್ಬನಿಗೆ, 108ಕ್ಕೆ ಫೋನು ಇನ್ನೊಬ್ಬನಿಗೆ. ಹೊರಗೆ ತೆಗೆದವನು ಎದ್ದು ಕೂತು "ನನಗೇನೂ ಆಗ್ಲಿಲ್ಲ" ಎಂದರೂ ಆಸ್ಪತ್ರೆಗೆ ಒಯ್ಯಲೇಬೇಕು. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ. ಕಾಲೋ ತೊಡೆಯೋ ತುಂಬಾ ಹೊತ್ತು ಅಡಿಗೆ ಸಿಕ್ಕಿಕೊಂಡಿದ್ದರೆ ಎಷ್ಟು ಹೊತ್ತು ಎಂಬುದನ್ನು ಡಾಕ್ಟರಿಗೆ ಹೇಳಬೇಕು. ನಜ್ಜಾದ ಮಾಂಸದಿಂದ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ, ಅದಕ್ಕೆ ಬೇರೆಯೇ ಔಷಧ ಬೇಕು.

ತೋಟದ ಮನೆಗೆ ಅಂಬ್ಯುಲೆನ್ಸು ಬರುವ ಹೊತ್ತಿಗೆ ಎಷ್ಟೋ ಹೊತ್ತು ಕಳೆದಿರುತ್ತದೆ. ಪುತ್ತೂರಿನಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಸುಮಾರು ಐವತ್ತು ಕಿಲೋಮೀಟರು. ಸುಳ್ಯ, ಕಡಬದ ಒಳ ಊರುಗಳಿಂದ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಒಬ್ಬನೇ ಇರುವಾಗ ಅಡಿಗೆ ಹೋಗುವುದೇ ಬೇಡ. ಹೋಗುವ ಮೊದಲು ಮನೆಯವರಿಗೆ ಒಂದು ಮಾತು ಹೇಳಬೇಕು, ಹತ್ತು ಹತ್ತು ನಿಮಿಷಕ್ಕೆ ಬಂದು ಕರೆಯಲು ಒಬ್ಬರು ಇರಬೇಕು.

ಕೊನೆಗೆ ಒಂದು ಲೆಕ್ಕ

ಇದು ಕೋಟಿಯ ಯೋಜನೆ ಅಲ್ಲ, ಮಂತ್ರಿಗಳು ಬಂದು ಕಲ್ಲು ಹಾಕಬೇಕಾಗಿಲ್ಲ. ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತುಗಳು, ಹಳ್ಳಿಯ ಗ್ರಾಮ ಪಂಚಾಯತುಗಳು ಗ್ಯಾರೇಜಿಗೆ ಪರವಾನಿಗೆ ಕೊಡುವಾಗ ಕಸದ ತೆರಿಗೆ ಕೇಳಿದ ಹಾಗೆ ಎರಡು ಜೊತೆ ಸ್ಟಾಂಡು ಇದೆಯೇ ಎಂದೂ ಕೇಳಲಿ. ಗ್ಯಾರೇಜು ಮಾಲಕರು ಸಂಘದ ಸಭೆಯಲ್ಲಿ ಒಂದು ನಿರ್ಣಯ ಮಾಡಲಿ: ಸ್ಟಾಂಡಿಲ್ಲದೆ ಯಾರೂ ಹುಡುಗನನ್ನು ಅಡಿಗೆ ಕಳಿಸುವುದಿಲ್ಲ ಎಂದು. ಎಲ್ಲರೂ ಒಟ್ಟಿಗೆ ಎರಡು ಗಂಟೆ ಎಂದರೆ ಗಿರಾಕಿ ಹೋಗುವುದೆಲ್ಲಿಗೆ? ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯವರು ಮದುವೆಯ ಪಾತ್ರೆಯ ಹಾಗೆ ಸ್ಟಾಂಡನ್ನೂ ದಿನ ಬಾಡಿಗೆಗೆ ಇಡಲಿ, ಭಾನುವಾರದ ಮೆಕ್ಯಾನಿಕ್‌ಗಳಿಗೆ ಉಪಕಾರವಾದೀತು. ಜಾಕ್ ಮಾರುವ ಹಾರ್ಡ್‌ವೇರಿನವರು ಜಾಕ್ ಕೊಡುವಾಗ ಒಂದು ಮಾತು ಹೇಳಲಿ. ವ್ಯಾಪಾರವೂ ಆಗುತ್ತದೆ, ಪುಣ್ಯವೂ ಬರುತ್ತದೆ.

ಗಾಡಿಯವರು ಮಾಡಬೇಕಾದದ್ದು ಇದೆಲ್ಲಕ್ಕಿಂತ ಸುಲಭ. ಗ್ಯಾರೇಜಿಗೆ ಹೋದಾಗ "ಬೇಗ ಕೊಡಿ" ಎನ್ನುವ ಮೊದಲು "ಸ್ಟಾಂಡ್ ಇಟ್ಟಿದ್ದೀರಾ?" ಎಂದು ಕೇಳುವುದು. ಗಿರಾಕಿ ಕೇಳಿದರೆ ಮಾಲಕ ಇಡುತ್ತಾನೆ. ಇದರಲ್ಲಿ ಕಾನೂನಿಗಿಂತ ಗಿರಾಕಿಯ ಬಾಯಿ ದೊಡ್ಡದು.

ಒಂದು ಕಡೆ ಒಂದು ಟಯರಿನ ದುಡ್ಡು. ಇನ್ನೊಂದು ಕಡೆ ರಾತ್ರಿ ಊಟಕ್ಕೆ ಮನೆಗೆ ಬರಬೇಕಾದ ಒಬ್ಬ ಮನುಷ್ಯ. ತಕ್ಕಡಿ ಹಿಡಿದು ಬದುಕುವ ಅಂಗಡಿಯವರಿಗೆ ಇದರಲ್ಲಿ ಯಾವುದು ಭಾರ ಎಂದು ಹೇಳಿಕೊಡಬೇಕೇ? ನಾಳೆ ಬಸ್ಸಿನ ಕಿಟಕಿಯಿಂದ ಆ ಎರಡು ಕ‌ಾಲು ಕಂಡಾಗ ಒಮ್ಮೆ ಬಗ್ಗಿ ನೋಡಿ. ಪಕ್ಕದಲ್ಲಿ ಸ್ಟಾಂಡು ಕಂಡರೆ ನಿಶ್ಚಿಂತೆಯಿಂದ ಟಿಕೇಟು ತೆಗೆದುಕೊಳ್ಳಿ. ಮುರಕಲ್ಲು ಕಂಡರೆ, ವಾಪಸು ಬರುವಾಗ ಅಲ್ಲೇ ಇಳಿದು ಒಂದು ಮಾತು ಹೇಳಿ ಹೋಗಿ.